ಆಡೋದು ಬೇರೆ, ಆಡಿಸೋದು ಬೇರೆ

ಓದುಗರ ಪ್ರಶ್ನೆ: ‘ಸರ್, 762 ಹೋಮ್ ರನ್ ಹೊಡೆದ ಬ್ಯಾರಿ ಬಾಂಡ್ಸ್ ನಮ್ಮ ಜೈಂಟ್ಸ್‌ನವರೇ. ಅವರನ್ನ ಬಿಟ್ಟು, ಒಂದು ದಿನವೂ ಪ್ರೊಫೆಷನಲ್ ಬೇಸ್‌ಬಾಲ್ ಆಡದ ಕಾಲೇಜು ಕೋಚ್ ಟೋನಿ ವಿಟೆಲ್ಲೊಗೆ ಮ್ಯಾನೇಜರ್ ಕೆಲಸ ಕೊಟ್ಟಿದ್ದಾರಲ್ಲ, ಇದು ಯಾವ ನ್ಯಾಯ? ಆಟ ಗೊತ್ತಿರೋರ ಕೈಗೆ ತಾನೆ ಟೀಮ್ ಕೊಡಬೇಕು?’

ಈ ಪ್ರಶ್ನೆಗೆ ನಾನು ಉತ್ತರ ಬರೆಯುತ್ತಿರುವುದು ಎಷ್ಟನೇ ಸಲವೋ. ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್‌ ಬೇಸ್‌ಬಾಲ್ ತಂಡದ ಮ್ಯಾನೇಜರ್ (ಕ್ರಿಕೆಟ್‌ನ ಮುಖ್ಯ ಕೋಚ್ ಇದ್ದ ಹಾಗೆ) ಕುರ್ಚಿ ಖಾಲಿಯಾದಾಗಲೆಲ್ಲ ಇದು ಬರುತ್ತದೆ. 2019ರಲ್ಲಿ ಬ್ರೂಸ್ ಬೋಚಿ ಬಿಟ್ಟಾಗ ಬಂತು. 2023ರಲ್ಲಿ ಗೇಬ್ ಕ್ಯಾಪ್ಲರ್ ಅವರನ್ನು ತೆಗೆದಾಗ ಬಂತು. 2025ರಲ್ಲಿ 81 ಗೆದ್ದು 81 ಸೋತ ಸೀಸನ್ ಮುಗಿದ ಮರುದಿನವೇ ಬಾಬ್ ಮೆಲ್ವಿನ್ ಅವರನ್ನು ಮನೆಗೆ ಕಳಿಸಿದರಲ್ಲ, ಆಗ ಮತ್ತೆ ಬಂತು. ಸನ್ನಿವೇಲ್‌ನಲ್ಲಿ ದೋಸೆ ತಿನ್ನುತ್ತಾ ಕೇಳಿದ್ದಾರೆ, ಫ್ರೀಮಾಂಟ್‌ನಲ್ಲಿ ಗೃಹಪ್ರವೇಶದ ಊಟದ ಸಾಲಿನಲ್ಲಿ ನಿಂತು ಕೇಳಿದ್ದಾರೆ. ಹೆಸರು ಒಮ್ಮೆ ಬಾಂಡ್ಸ್, ಒಮ್ಮೆ ಇನ್ಯಾರೋ. ಪ್ರಶ್ನೆಯ ಬೇರು ಮಾತ್ರ ಒಂದೇ: ಚೆನ್ನಾಗಿ ಆಡಿದವರಿಗೆ ಚೆನ್ನಾಗಿ ಆಡಿಸೋಕೂ ಬರುತ್ತೆ.

ಬರಲ್ಲ. ಕೆಲವರಿಗೆ ಬರಬಹುದು, ಆದರೆ ಆಡಿದ್ದರಿಂದಲೇ ಬರುವ ವಿದ್ಯೆ ಅದಲ್ಲ.

ಮೊದಲು ಬಾಂಡ್ಸ್ ವಿಷಯ ಮುಗಿಸಿಬಿಡುತ್ತೇನೆ. 2016ರಲ್ಲಿ ಮಯಾಮಿ ಮಾರ್ಲಿನ್ಸ್ ಅವರನ್ನು ಬ್ಯಾಟಿಂಗ್ ಹೇಳಿಕೊಡಲು ಕರೆದಿತ್ತು. ಒಂದೇ ಸೀಸನ್. ಆಮೇಲೆ ಬೇಡ ಎಂದರು. ಬಾಂಡ್ಸ್‌ಗೆ ಬ್ಯಾಟಿಂಗ್ ಗೊತ್ತಿಲ್ಲ ಎಂದು ಯಾರಾದರೂ ಹೇಳುತ್ತಾರಾ? ಗೊತ್ತಿರುವುದಕ್ಕೂ ಇನ್ನೊಬ್ಬರ ಕೈಗೆ ಅದನ್ನು ದಾಟಿಸುವುದಕ್ಕೂ ನಡುವೆ ಒಂದು ದೊಡ್ಡ ಹಳ್ಳ ಇದೆ.

ಅದರ ಆಳ ತಿಳಿಯಬೇಕಾದರೆ ಟೆಡ್ ವಿಲಿಯಮ್ಸ್ ಕಥೆ ಕೇಳಿ. 1941ರಲ್ಲಿ ಅವರ ಬ್ಯಾಟಿಂಗ್ ಸರಾಸರಿ .406. ಅಂದರೆ ಹತ್ತು ಸಲ ಬ್ಯಾಟ್ ಹಿಡಿದರೆ ನಾಲ್ಕು ಸಲ ಹಿಟ್. ಅಮೆರಿಕದ ಅತಿ ಮೇಲಿನ ಮಟ್ಟದ ಬೇಸ್‌ಬಾಲ್ ಆದ ಮೇಜರ್ ಲೀಗ್‌ನ ಎರಡು ಭಾಗ, ಅಮೆರಿಕನ್ ಲೀಗ್, ನ್ಯಾಷನಲ್ ಲೀಗ್, ಎರಡರಲ್ಲೂ ಅವರ ನಂತರ ಇಡೀ ಸೀಸನ್ .400 ಮುಟ್ಟಿದ ಒಬ್ಬರೂ ಇಲ್ಲ. ಬ್ಯಾಟಿಂಗ್ ಎಂಬುದನ್ನು ಅಷ್ಟು ಧ್ಯಾನದಿಂದ ನೋಡಿದ ಮನುಷ್ಯ ಮತ್ತೊಬ್ಬರಿದ್ದಾರೋ ಇಲ್ಲವೋ. ಅವರು 1969ರಲ್ಲಿ ವಾಷಿಂಗ್ಟನ್ ಸೆನೆಟರ್ಸ್ ಮ್ಯಾನೇಜರ್ ಆದರು. ಹಿಂದಿನ ವರ್ಷ 65 ಗೆದ್ದು 96 ಸೋತಿದ್ದ ತಂಡ ಅದು. ಮೊದಲ ವರ್ಷವೇ 86 ಗೆದ್ದಿತು. ವರ್ಷದ ಮ್ಯಾನೇಜರ್ ಅಂತ ಪ್ರಶಸ್ತಿಯೂ ಬಂತು. ನನ್ನ ಜೊತೆ ವಾದ ಮಾಡುವವರೆಲ್ಲ ಇಲ್ಲಿಗೇ ನಿಲ್ಲಿಸುತ್ತಾರೆ. ‘ನೋಡಿ, ನಾವು ಹೇಳಿದ್ದು ಅದನ್ನೇ’ ಅನ್ನುತ್ತಾರೆ.

ದಯವಿಟ್ಟು ಪುಟ ತಿರುಗಿಸಿ. 1970ರಲ್ಲಿ 70 ಗೆಲುವು. 1971ರಲ್ಲಿ 63. 1972ರಲ್ಲಿ ತಂಡ ಟೆಕ್ಸಸ್‌ಗೆ ಹೋಗಿ ರೇಂಜರ್ಸ್ ಆಯಿತು, 54 ಗೆದ್ದು ನೂರು ಪಂದ್ಯ ಸೋತಿತು. ಅಲ್ಲಿಗೆ ವಿಲಿಯಮ್ಸ್ ಕೆಲಸ ಬಿಟ್ಟರು. ಮತ್ತೆ ಯಾವ ತಂಡದ ಮ್ಯಾನೇಜರ್ ಕೂಡ ಆಗಲಿಲ್ಲ. ಅವರ ಕಣ್ಣಿಗೆ ಚೆಂಡು ಕಂಡ ಹಾಗೆ ಬೇರೆಯವರ ಕಣ್ಣಿಗೆ ಕಾಣುತ್ತಿರಲಿಲ್ಲ. ಅದನ್ನು ಯಾವ ಪಾಠ ತಾನೆ ಸರಿಮಾಡೀತು?

ಈಗ ಇನ್ನೊಂದು ಸಾಲು ನೋಡಿ. ವಾಲ್ಟರ್ ಆಲ್ಸ್ಟನ್ ಮೇಜರ್ ಲೀಗ್‌ನಲ್ಲಿ ಬ್ಯಾಟ್ ಹಿಡಿದದ್ದು ಒಂದೇ ಒಂದು ಸಲ, 1936ರಲ್ಲಿ. ಸ್ಟ್ರೈಕ್ ಔಟ್. ಆಮೇಲೆ ಡಾಡ್ಜರ್ಸ್‌ಗೆ ನಾಲ್ಕು ವರ್ಲ್ಡ್ ಸೀರೀಸ್ (ಎರಡೂ ಲೀಗ್‌ಗಳ ವಿಜೇತರ ನಡುವಿನ ಅಂತಿಮ ಸರಣಿ) ಗೆದ್ದುಕೊಟ್ಟರು, ಬ್ರೂಕ್ಲಿನ್‌ನ ಜನ ಕಾದು ಕಾದು ಸೋತಿದ್ದ 1955ರ ಗೆಲುವೂ ಸೇರಿ. ಟಾಮಿ ಲಸೋರ್ಡಾ 26 ಪಂದ್ಯ ಆಡಿದ ಪಿಚರ್, ಅಂದರೆ ಚೆಂಡು ಎಸೆಯುವವರು. ಗೆಲುವು ಸೊನ್ನೆ, ಸೋಲು ನಾಲ್ಕು. ಮ್ಯಾನೇಜರ್ ಆಗಿ 1981, 1988ರ ವರ್ಲ್ಡ್ ಸೀರೀಸ್ ಎರಡೂ ಅವರವೇ. ಸ್ಪಾರ್ಕಿ ಆಂಡರ್ಸನ್ ಆಡಿದ್ದು 1959ರ ಒಂದು ಸೀಸನ್, ಸರಾಸರಿ .218, ಹೋಮ್ ರನ್ ಒಂದೂ ಇಲ್ಲ. ಎರಡೂ ಲೀಗ್‌ಗಳ ತಂಡಗಳಿಗೆ ವರ್ಲ್ಡ್ ಸೀರೀಸ್ ಗೆದ್ದುಕೊಟ್ಟ ಮೊದಲ ಮ್ಯಾನೇಜರ್ ಅವರು. ಟೋನಿ ಲಾ ರೂಸಾ ಅವರ ಸರಾಸರಿ .200 ಕೂಡ ಮುಟ್ಟಲಿಲ್ಲ, ಮ್ಯಾನೇಜರ್ ಆಗಿ ಮೂರು ವರ್ಲ್ಡ್ ಸೀರೀಸ್. ಇನ್ನು ಜೋ ಮೆಕಾರ್ಥಿ, ಅರ್ಲ್ ವೀವರ್, ಜಿಮ್ ಲೇಲ್ಯಾಂಡ್ ಮೇಜರ್ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡಿದವರಲ್ಲ. ಮೆಕಾರ್ಥಿ ಯಾಂಕೀಸ್‌ಗೆ ಗೆದ್ದುಕೊಟ್ಟದ್ದು ಏಳು ವರ್ಲ್ಡ್ ಸೀರೀಸ್. 108 ವರ್ಷ ಕಾದ ಶಿಕಾಗೊ ಕಬ್ಸ್‌ಗೆ 2016ರಲ್ಲಿ ಕಪ್ ತಂದುಕೊಟ್ಟ ಜೋ ಮ್ಯಾಡನ್ ಕೂಡ ಇದೇ ಪಂಕ್ತಿಯವರು.

ಇದೆಲ್ಲ ಅಪವಾದ ಅನ್ನಬೇಡಿ. ಇಷ್ಟು ಜನ ಇದ್ದರೆ ಅದು ಅಪವಾದ ಅಲ್ಲ.

ಹಾಗಂತ ಕೆಟ್ಟದಾಗಿ ಆಡಿದವರೆಲ್ಲ ಒಳ್ಳೇ ಮ್ಯಾನೇಜರ್ ಆಗುತ್ತಾರೆ ಎಂದೂ ಅಲ್ಲ. ಜೋ ಟೋರಿ 1971ರಲ್ಲಿ ನ್ಯಾಷನಲ್ ಲೀಗ್‌ನ ಅತ್ಯುತ್ತಮ ಆಟಗಾರ, ಸರಾಸರಿ .363. ಯಾಂಕೀಸ್‌ಗೆ ನಾಲ್ಕು ವರ್ಲ್ಡ್ ಸೀರೀಸ್ ಗೆದ್ದುಕೊಟ್ಟರು. ಆದರೆ ಅದಕ್ಕೆ ಮೊದಲು ಮೆಟ್ಸ್, ಬ್ರೇವ್ಸ್, ಕಾರ್ಡಿನಲ್ಸ್ ಮೂರು ತಂಡಗಳಲ್ಲೂ ಕೆಲಸ ಕಳಕೊಂಡಿದ್ದರು. 1995ರಲ್ಲಿ ಅವರ ಹೆಸರು ಬಂದಾಗ ನ್ಯೂಯಾರ್ಕ್‌ನ ಪತ್ರಿಕೆಯೇ ಇವರಿಗೇನು ಗೊತ್ತು ಅಂತ ಹಂಗಿಸಿತ್ತು. ಅವರನ್ನು ತಯಾರು ಮಾಡಿದ್ದು ಆ .363 ಅಲ್ಲ, ಮೂರು ಊರುಗಳಲ್ಲಿ ತಿಂದ ಪೆಟ್ಟು.

ಈ ಹಂತದಲ್ಲಿ ನಮ್ಮವರು ತಪ್ಪದೇ ತೆಗೆಯುವ ಹೆಸರು ಒಂದಿದೆ. ‘ದ್ರಾವಿಡ್ ಇಲ್ವಾ ಸರ್? ದೊಡ್ಡ ಆಟಗಾರ, ಕೋಚ್ ಆಗಿ 2024ರ ಟಿ20 ವಿಶ್ವಕಪ್ ಗೆಲ್ಲಿಸಿಕೊಡಲಿಲ್ವಾ?’ ಗೆಲ್ಲಿಸಿಕೊಟ್ಟರು, ನಾನೂ ಕುಣಿದಿದ್ದೇನೆ. ಆದರೆ ನಿವೃತ್ತಿಯಾದ ಮರುದಿನವೇ ಅವರನ್ನು ಆ ಕುರ್ಚಿಯಲ್ಲಿ ಕೂರಿಸಲಿಲ್ಲ. 2015ರಿಂದ 19 ವರ್ಷದೊಳಗಿನ ಹುಡುಗರ ಜೊತೆ, ಇಂಡಿಯಾ ಎ ತಂಡದ ಜೊತೆ ಮೈದಾನ ಮೈದಾನ ಸುತ್ತಿದರು. 2018ರಲ್ಲಿ ಆ ಹುಡುಗರು ವಿಶ್ವಕಪ್ ಗೆದ್ದರು. 2019ರಿಂದ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿ ನೋಡಿಕೊಂಡರು. ಸೀನಿಯರ್ ತಂಡಕ್ಕೆ ಬಂದದ್ದು 2021ರ ಕೊನೆಗೆ. ಆರು ವರ್ಷ ಆಡಿಸುವ ವಿದ್ಯೆ ಕಲಿತರು. ಅವರ ಹೆಸರು ಹೇಳುವಾಗ ಆ ಆರು ವರ್ಷವನ್ನು ಮರೆಯುವುದು ಅವರಿಗೇ ಮಾಡುವ ಅನ್ಯಾಯ.

ಹಾಗಾದರೆ ಆ ವಿದ್ಯೆ ಯಾವುದು? ಬುಲ್‌ಪೆನ್‌ಗೆ (ಬದಲಿ ಪಿಚರ್‌ಗಳು ಕಾಯುವ ಜಾಗ) ಯಾವಾಗ ಫೋನ್ ಮಾಡಬೇಕು, ಎಡಗೈ ಬ್ಯಾಟರ್ ಬಂದರೆ ಯಾರನ್ನು ಕಳಿಸಬೇಕು ಅನ್ನೋದು ಅದರ ಅರ್ಧ ಮಾತ್ರ. ಈಗಂತೂ ಆ ಅರ್ಧದಲ್ಲೂ ಲೆಕ್ಕಾಚಾರದವರು ಬೆಳಗ್ಗೆಯೇ ಹಾಳೆ ಕೊಟ್ಟಿರುತ್ತಾರೆ. ಉಳಿದರ್ಧ ಮನುಷ್ಯರದ್ದು. 26 ಜನ, 162 ಪಂದ್ಯ, ಫೆಬ್ರವರಿ ನಡುವಿನಿಂದ ಅಕ್ಟೋಬರ್‌ವರೆಗೆ ಒಂದೇ ಕೋಣೆ, ಒಂದೇ ವಿಮಾನ. ದಿನಾ ಒಂದಷ್ಟು ಜನಕ್ಕೆ ‘ಇವತ್ತು ನೀನಿಲ್ಲ’ ಅನ್ನಬೇಕು. ನಾಳೆ ಅದೇ ಮನುಷ್ಯ ಮನಸ್ಸಿಟ್ಟು ಆಡಬೇಕು.

ಜೈಂಟ್ಸ್‌ನ ಮೈದಾನ ಓರಾಕಲ್ ಪಾರ್ಕ್‌ನಲ್ಲಿ ಮೂರನೇ ಬೇಸ್ ಕಡೆ, ಜೈಂಟ್ಸ್ ಡಗೌಟ್‌ಗೆ ಹತ್ತಿರ ಕೂತು ಬೋಚಿ ಅವರನ್ನು ನೋಡಿದ ಸಂಜೆಗಳು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿವೆ. ಏಳನೇ ಇನ್ನಿಂಗ್ಸ್. ಕೊಲ್ಲಿಯಿಂದ ಚಳಿಗಾಳಿ, ಸುತ್ತ ಬೆಳ್ಳುಳ್ಳಿ ಫ್ರೈಸ್ ವಾಸನೆ. ಪಿಚರ್ ಇಬ್ಬರನ್ನು ಬೇಸ್‌ಗೆ ಬಿಟ್ಟಿದ್ದಾನೆ. ಬೋಚಿ ಡಗೌಟ್ ಮೆಟ್ಟಿಲು ಹತ್ತುತ್ತಾರೆ. ನಿಧಾನ, ಒಂದು ಕಾಲು ಎಳೆದ ಹಾಗೆ ನಡಿಗೆ. ಬುಲ್‌ಪೆನ್ ಕಡೆ ಕೈ ತೋರಿಸುತ್ತಾರೆ. ಪಿಚರ್ ತಲೆ ಎತ್ತುವುದಿಲ್ಲ. ಚೆಂಡನ್ನು ಅವನ ಕೈಯಿಂದ ಕಿತ್ತುಕೊಳ್ಳುವುದಿಲ್ಲ, ತಮ್ಮ ಅಂಗೈ ಚಾಚಿ ನಿಲ್ಲುತ್ತಾರೆ. ಅವನೇ ಇಡಬೇಕು. ಇಟ್ಟ ಮೇಲೆ ಬೆನ್ನಿಗೆ ಒಂದು ತಟ್ಟು. ಅಷ್ಟೇ. ಆಡಿಸುವುದು ಅಂದರೆ ಏನು ಅಂತ ನಾನು ಕಲಿತದ್ದು ಆ ಚಾಚಿದ ಅಂಗೈಯನ್ನು ನೋಡಿ.

ಬೋಚಿ ಆಟಗಾರರಾಗಿ ಯಾರು? ಬದಲಿ ಕ್ಯಾಚರ್, ಕ್ರಿಕೆಟ್‌ನ ವಿಕೆಟ್‌ಕೀಪರ್ ಇದ್ದ ಹಾಗೆ. ಒಂಬತ್ತು ಸೀಸನ್ ಸೇರಿ 358 ಪಂದ್ಯ. ಜಾಸ್ತಿ ದಿನ ಬೆಂಚಿನ ಮೇಲೇ ಕಳೆದವರು. ಬೆಂಚಿನ ಮೇಲೆ ಕೂತವನಿಗೆ ಎರಡು ವಿಷಯ ತಿಳಿಯುತ್ತದೆ. ಇಡೀ ಆಟ ಹೇಗೆ ಸಾಗುತ್ತದೆ ಎಂದು ಕಾಣುತ್ತದೆ, ಆಡಲು ಸಿಗದವನ ಹೊಟ್ಟೆಯೊಳಗಿನ ಸಂಕಟ ಏನು ಎಂದೂ ಗೊತ್ತಾಗುತ್ತದೆ. ದಿನಾ ಆಡಿದ ಸ್ಟಾರ್‌ಗೆ ಎರಡನೆಯದು ತಿಳಿಯಲು ದಾರಿಯೇ ಇಲ್ಲ.

2010ರಲ್ಲಿ ಜೈಂಟ್ಸ್ ಪ್ಲೇಆಫ್‌ಗೆ ಹೋದಾಗ ಬ್ಯಾರಿ ಜೀಟೊ ಎಂಬ ಪಿಚರ್ ತಂಡದಲ್ಲಿದ್ದರು. ಏಳು ವರ್ಷಕ್ಕೆ 12.6 ಕೋಟಿ ಡಾಲರ್ ಒಪ್ಪಂದ. ಬೋಚಿ ಅವರನ್ನು ಪ್ಲೇಆಫ್ ಪಟ್ಟಿಯಿಂದಲೇ ಬಿಟ್ಟರು. ಅಷ್ಟು ದುಡ್ಡಿನ ಆಟಗಾರನಿಗೆ ಪಟ್ಟಿಯಲ್ಲಿ ಜಾಗ ಇಲ್ಲ. ಅಭಿಮಾನಿಗಳ ಕಣ್ಮಣಿ ಪಾಬ್ಲೊ ಸ್ಯಾಂಡೊವಲ್ ಕೂಡ ಆ ವರ್ಷದ ಪ್ಲೇಆಫ್‌ನಲ್ಲಿ ಬಹುಪಾಲು ಬೆಂಚ್ ಕಾದರು. ತಂಡ ಕಪ್ ಗೆದ್ದಿತು. ಇಬ್ಬರೂ ಮುನಿಸಿಕೊಂಡು ದೂರ ಹೋಗಬಹುದಿತ್ತು, ಅಲ್ವಾ? ಎರಡು ವರ್ಷ ಬಿಟ್ಟು, 2012ರಲ್ಲಿ, ನ್ಯಾಷನಲ್ ಲೀಗ್ ಫೈನಲ್‌ನಲ್ಲಿ ಜೈಂಟ್ಸ್ ಪಂದ್ಯಗಳ ಲೆಕ್ಕದಲ್ಲಿ 1-3 ಹಿಂದಿದ್ದಾಗ ಸೇಂಟ್ ಲೂಯಿಯಲ್ಲಿ ಜೀಟೊ ಎಂಟನೇ ಇನ್ನಿಂಗ್ಸ್‌ವರೆಗೆ ಒಂದೂ ರನ್ ಬಿಡದೆ ತಂಡವನ್ನು ಉಳಿಸಿದರು. ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯಕ್ಕೂ ಅವರದೇ ಪಿಚಿಂಗ್. ಎದುರಿಗೆ ಡೆಟ್ರಾಯ್ಟ್‌ನ ಜಸ್ಟಿನ್ ವರ್ಲ್ಯಾಂಡರ್. ಅದೇ ರಾತ್ರಿ ಸ್ಯಾಂಡೊವಲ್ ಮೂರು ಹೋಮ್ ರನ್ ಹೊಡೆದರು. 2010ರಲ್ಲಿ ಬೇಡವಾಗಿದ್ದ ಇಬ್ಬರು ಸೇರಿ ಒಂದು ಪಂದ್ಯ ಗೆಲ್ಲಿಸಿದರು. ಯಾವ ಅಂಕಿಅಂಶದ ಪಟ್ಟಿಯಲ್ಲೂ ಇದು ಮ್ಯಾನೇಜರ್ ಹೆಸರಿಗೆ ದಾಖಲಾಗುವುದಿಲ್ಲ. ಅದಕ್ಕೇ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ.

ಆ ಎರಡೂ ತಂಡಗಳಲ್ಲಿ ಇನ್ನೊಬ್ಬರಿದ್ದರು, ಕ್ಯಾಚರ್ ಬಸ್ಟರ್ ಪೋಸಿ. 2012ರಲ್ಲಿ ನ್ಯಾಷನಲ್ ಲೀಗ್‌ನ ಅತ್ಯುತ್ತಮ ಆಟಗಾರ. ಈಗ ಜೈಂಟ್ಸ್‌ನ ಬೇಸ್‌ಬಾಲ್ ವ್ಯವಹಾರದ ಮುಖ್ಯಸ್ಥರೂ ಅವರೇ. 2025ರ ಅಕ್ಟೋಬರ್‌ನಲ್ಲಿ ಬೋಚಿಯವರನ್ನೇ ವಾಪಸ್ ಕರೆಯಿರಿ ಎಂದರು ಕೆಲವರು. ಇಲ್ಲೇ ಆಡಿದ್ದ ಕ್ಯಾಚರ್ ನಿಕ್ ಹಂಡ್ಲಿ ಎಂದರು ಇನ್ನು ಕೆಲವರು. ಪೋಸಿ ಆರಿಸಿದ್ದು ಟೋನಿ ವಿಟೆಲ್ಲೊ ಅವರನ್ನು. 2024ರಲ್ಲಿ ಟೆನ್ನೆಸಿ ವಿಶ್ವವಿದ್ಯಾಲಯಕ್ಕೆ ಕಾಲೇಜು ವರ್ಲ್ಡ್ ಸೀರೀಸ್ ಗೆದ್ದುಕೊಟ್ಟವರು. ಪ್ರೊಫೆಷನಲ್ ತಂಡದಲ್ಲಿ ಆಡಿಯೂ ಇಲ್ಲ, ಕೋಚ್ ಆಗಿಯೂ ಇಲ್ಲ. ಕಾಲೇಜಿನಿಂದ ನೇರ ಈ ಕುರ್ಚಿಗೆ ಹೀಗೆ ಬಂದವರು ಅವರೇ ಮೊದಲು. ಇದರಲ್ಲಿ ಅಪಾಯ ಇಲ್ಲ ಎಂದು ನಾನು ಹೇಳುವುದಿಲ್ಲ. ಕಾಲೇಜಿನಲ್ಲಿ ವಾರಕ್ಕೆ ನಾಲ್ಕೈದು ಪಂದ್ಯ, ಇಲ್ಲಿ ಹೆಚ್ಚುಕಮ್ಮಿ ದಿನಾ. ಅಲ್ಲಿ ಇಪ್ಪತ್ತರ ಹುಡುಗರು, ಇಲ್ಲಿ ಕೋಟ್ಯಧೀಶರು. ಆ ಬಗ್ಗೆ ಕೇಳಿ, ಜಗಳ ಆಡಿ, ನಾನೂ ಬರುತ್ತೇನೆ. ಆದರೆ ‘ಅವರು ಆಡಿಲ್ಲ’ ಎಂಬ ಒಂದೇ ಕಾರಣಕ್ಕೆ ತಳ್ಳಿಹಾಕಬೇಡಿ. ದೊಡ್ಡ ಆಟಗಾರರಾಗಿದ್ದ ಪೋಸಿಗೇ ಅದು ಅಡ್ಡಿ ಅನ್ನಿಸಲಿಲ್ಲ.

ಈ ತಪ್ಪು ನಂಬಿಕೆ ಇಷ್ಟು ಗಟ್ಟಿಯಾಗಿ ಕೂತಿರುವುದಕ್ಕೆ ಮ್ಯಾನೇಜರ್ ಹಾಕುವ ಬಟ್ಟೆಯೂ ಒಂದು ಕಾರಣ ಅಂತ ನನಗೆ ಬಹಳ ದಿನದಿಂದ ಅನ್ನಿಸುತ್ತಿದೆ. ಫುಟ್‌ಬಾಲ್ ಮ್ಯಾನೇಜರ್ ಕೋಟು ಹಾಕಿ ನಿಲ್ಲಬಹುದು. ಬಾಸ್ಕೆಟ್‌ಬಾಲ್ ಕೋಚ್ ಕೂಡ ಆಟಗಾರರ ಬನಿಯನ್ ಹಾಕುವುದಿಲ್ಲ. ಬೇಸ್‌ಬಾಲ್‌ನಲ್ಲಿ ಮಾತ್ರ ಎಪ್ಪತ್ತರ ಅಜ್ಜನೂ ಆಟಗಾರರ ಪ್ಯಾಂಟು, ಆಟಗಾರರ ಟೋಪಿ. ನೋಡಿದವರಿಗೆ ಇವರು ಹಿರಿಯ ಆಟಗಾರ ಅನ್ನಿಸದೆ ಇನ್ನೇನು?

ಅದು ಬಂದದ್ದು ಹೀಗೆ. ಹಿಂದೆ ಆಡುತ್ತಲೇ ಮ್ಯಾನೇಜರ್ ಆಗಿರುವುದು ಮಾಮೂಲಿ. ಫ್ರಾಂಕ್ ರಾಬಿನ್ಸನ್ 1975ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಮೇಜರ್ ಲೀಗ್‌ನ ಮೊದಲ ಕಪ್ಪು ಮ್ಯಾನೇಜರ್ ಆದ ದಿನ, ತಮ್ಮ ಹೆಸರನ್ನೂ ಲೈನ್‌ಅಪ್‌ನಲ್ಲಿ ಬರೆದು ಹೋಮ್ ರನ್ ಹೊಡೆದರು. ಹಾಗೆ ಆಡಿದವರಲ್ಲಿ ಕೊನೆಯವರು ಪೀಟ್ ರೋಸ್, 1986ರಲ್ಲಿ. ಆ ಪದ್ಧತಿ ಹೋಯಿತು, ಬಟ್ಟೆ ಉಳಿಯಿತು. ಆ ಬಟ್ಟೆ ಹಾಕದ ಮ್ಯಾನೇಜರ್‌ಗಳೂ ಇದ್ದರು. ಫಿಲಡೆಲ್ಫಿಯಾ ಅಥ್ಲೆಟಿಕ್ಸ್‌ನ ಕಾನಿ ಮ್ಯಾಕ್ 1901ರಿಂದ 1950ರವರೆಗೆ, ತಮಗೆ 87 ಆಗುವವರೆಗೆ, ಕೋಟು ಟೈ ಹಾಕಿಯೇ ಡಗೌಟ್‌ನಲ್ಲಿ ಕೂತರು. ಕೈಯಲ್ಲಿದ್ದ ಸ್ಕೋರ್‌ಕಾರ್ಡ್ ಬೀಸಿ ಫೀಲ್ಡರ್‌ಗಳನ್ನು ಆಚೀಚೆ ಸರಿಸುತ್ತಿದ್ದರು. ಬ್ರೂಕ್ಲಿನ್‌ನ ಬರ್ಟ್ ಶಾಟನ್ ಕೂಡ ಮಾಮೂಲಿ ಬಟ್ಟೆಯಲ್ಲೇ ಬರುತ್ತಿದ್ದರು. ಯೂನಿಫಾರ್ಮ್ ಇಲ್ಲದೆ ಅವರು ಆಗ ಮೈದಾನಕ್ಕೆ ಕಾಲಿಡುವಂತಿರಲಿಲ್ಲ. ಹಾಗಾಗಿ ಪಿಚರ್ ಬದಲಿಸಬೇಕಾದರೆ ಕೋಚ್‌ನನ್ನು ಕಳಿಸಿ, ತಾವು ಡಗೌಟ್‌ನಲ್ಲೇ ಉಳಿಯುತ್ತಿದ್ದರು. ಆಧುನಿಕ ಮೇಜರ್ ಲೀಗ್‌ನ ಮೊದಲ ಕಪ್ಪು ಆಟಗಾರ ಜ್ಯಾಕಿ ರಾಬಿನ್ಸನ್ ಬ್ರೂಕ್ಲಿನ್‌ಗೆ ಬಂದ ಮೊದಲ ವರ್ಷ, 1947ರಲ್ಲಿ, ಶಾಟನ್ ಹಾಗೆ ಕೂತಲ್ಲಿಂದಲೇ ತಂಡವನ್ನು ಆಡಿಸಿದರು. ಆ ವರ್ಷ ನ್ಯಾಷನಲ್ ಲೀಗ್ ಗೆದ್ದದ್ದು ಅವರ ತಂಡವೇ.