ತೇಲು ಹೂಳು: ಬಗ್ಗಡ ನೀರಿನಲ್ಲಿ ಏನೇನಿದೆ?

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹೂಳು ಅಂದ ಕೂಡಲೇ ನೆನಪಾಗುವುದು ಕೆರೆಯಂಗಳ, ಜೆಸಿಬಿ, ಟ್ರ್ಯಾಕ್ಟರ್. ಅದು ಬಂದು ಕೂತ ಹೂಳು. ಜಲವಿಜ್ಞಾನಿಗೆ ಜಾಸ್ತಿ ಬೇಕಾದದ್ದು ಇನ್ನೂ ಕೂರದೆ ನೀರಿನ ಜೊತೆ ಓಡುತ್ತಿರುವ ಮಣ್ಣು. ಅದನ್ನೇ ತೇಲು ಹೂಳು ಅನ್ನುತ್ತಾರೆ.

ಮಣ್ಣು ನೀರಿಗಿಂತ ಭಾರ, ಬಿಟ್ಟರೆ ಮುಳುಗಲೇಬೇಕು. ಹರಿವಿನ ಸುಳಿಗಳು ಅದನ್ನು ಮತ್ತೆ ಮತ್ತೆ ಮೇಲಕ್ಕೆತ್ತುತ್ತವೆ. ದಪ್ಪ ಮರಳು, ಸಣ್ಣ ಕಲ್ಲು ತಳದಲ್ಲೇ ಉರುಳಿಕೊಂಡು ಹೋಗುತ್ತವೆ. ಅದು ತಳದ ಹೂಳು, ಅದನ್ನು ಅಳೆಯುವ ದಾರಿಯೇ ಬೇರೆ.

ಇಲ್ಲಿ ಎಲ್ಲವೂ ಕಣದ ಗಾತ್ರದ ಮೇಲೆ ನಿಂತಿದೆ. ನಿಂತ ನೀರಿನಲ್ಲಿ 0.1 ಮಿಲಿಮೀಟರ್ ಮರಳಿನ ಕಣ ಒಂದು ಮೀಟರ್ ಇಳಿಯಲು ಸುಮಾರು 2 ನಿಮಿಷ ಸಾಕು. 0.01 ಮಿ.ಮೀ. ರೇವೆ ಕಣಕ್ಕೆ ಸುಮಾರು 3 ಗಂಟೆ. 0.001 ಮಿ.ಮೀ. ಜೇಡಿಗೆ ಹತ್ತು ದಿನದ ಮೇಲೆ! ಮಳೆ ನಿಂತು ವಾರವಾದರೂ ಕೆರೆ ಕೆಂಪಗೇ ಇರುತ್ತದಲ್ವಾ, ಕಾರಣ ಇದೇ. ಮರಳು ಕಾಲುವೆ ಕೆರೆಗೆ ಸೇರುವ ಬಾಯಲ್ಲೇ ಬೀಳುತ್ತದೆ, ಜೇಡಿ ಕೆರೆಯ ಏರಿಯ ತನಕ, ತೂಬಿನ ತನಕ ಹೋಗುತ್ತದೆ.

ಈ ಲೆಕ್ಕ ಓದದೆಯೇ ಬಲ್ಲವರು ಫಿಲ್ಟರ್ ಮರಳು ದಂಧೆಯವರು. ಕೆರೆ, ಹಳ್ಳ, ಹೊಲದ ಮಣ್ಣು ಅಗೆದು ಗುಂಡಿಗೆ ಸುರಿದು ನೀರು ಹಾಯಿಸುತ್ತಾರೆ. ಮರಳು ತಳದಲ್ಲಿ ಉಳಿಯುತ್ತದೆ, ಲಾರಿ ಹತ್ತುತ್ತದೆ. ತೊಳೆದ ರಾಡಿಯನ್ನು ಕೆಳಗಿನ ಹಳ್ಳಕ್ಕೆ ಬಿಟ್ಟುಬಿಡುತ್ತಾರೆ. ಜನ ಹೋದ ಮರಳಿನ ಬಗ್ಗೆ ಕೂಗಾಡುತ್ತಾರೆ. ನನಗೆ ಕೇಳಿದರೆ, ಬಿಟ್ಟು ಹೋದ ಆ ರಾಡಿಯೂ ಅಷ್ಟೇ ದೊಡ್ಡ ಹಾನಿ.

ಅಳೆಯುವ ಕೆಲಸ ಕೇಳಲು ಸುಲಭ. ಬಾಟಲಿಯನ್ನು ಒಂದೇ ವೇಗದಲ್ಲಿ ತಳದವರೆಗೆ ಇಳಿಸಿ ಮೇಲೆತ್ತಬೇಕು. ಮೇಲಿನ ನೀರು ಮಾತ್ರ ತುಂಬಿಕೊಂಡರೆ ದಪ್ಪ ಕಣ ತಪ್ಪಿಹೋಗುತ್ತದೆ. ಆಮೇಲೆ ಮೊದಲೇ ತೂಗಿಟ್ಟ ಸೋಸುಹಾಳೆಯಲ್ಲಿ ಸೋಸಿ, 105 ಡಿಗ್ರಿಯಲ್ಲಿ ಒಣಗಿಸಿ ಮತ್ತೆ ತೂಗುವುದು. ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಸಿಗುತ್ತದೆ. ಅದನ್ನು ಹರಿವಿನಿಂದ ಗುಣಿಸಿದರೆ ದಿನಕ್ಕೆ ಎಷ್ಟು ಟನ್ ಮಣ್ಣು ಹೋಯಿತು ಅಂತ ಗೊತ್ತಾಗುತ್ತದೆ.

ಕಷ್ಟ ಇರುವುದು ಹೊತ್ತು ಹಿಡಿಯುವುದರಲ್ಲಿ. ಪಾಲಾರ್, ಉತ್ತರ ಪಿನಾಕಿನಿ, ತುಮಕೂರಿನ ಜಯಮಂಗಲಿ ಇವೆಲ್ಲ ವರ್ಷಪೂರ್ತಿ ಹರಿಯುವ ನದಿಗಳಲ್ಲ. ಸುಮ್ನೆ ತಿಂಗಳಿಗೊಂದು ಸಲ ಬಾಟಲಿ ಹಿಡಿದು ಹೋದರೆ ಸಿಗುವುದು ಒಣ ಮರಳು. ವರ್ಷದ ಹೂಳಿನಲ್ಲಿ ಬಹುಪಾಲು ಬೆರಳೆಣಿಕೆಯ ಜೋರು ಮಳೆಗಳಲ್ಲಿ ಕೊಚ್ಚಿಹೋಗುತ್ತದೆ. ಒಂದೇ ಮಳೆಯಲ್ಲೂ ಏರುವ ನೀರು ಸಾಮಾನ್ಯವಾಗಿ ಇಳಿಯುವ ನೀರಿಗಿಂತ ಬಗ್ಗಡ, ಯಾಕೆಂದರೆ ಹೊಲ, ರಸ್ತೆಯ ಸಡಿಲ ಮಣ್ಣು ಮೊದಲೇ ತೊಳೆದು ಬರುತ್ತದೆ. ಹಾಗಾಗಿ ರಾತ್ರಿ ಮಳೆ ಬಂದರೆ ರಾತ್ರಿಯೇ ಹೋಗಬೇಕು. ಬಗ್ಗಡ ಅಳೆಯುವ ಸೆನ್ಸರ್ ಇದೆ, ಆದರೆ ಅದು ಚದುರಿದ ಬೆಳಕನ್ನು ನೋಡುತ್ತದೆಯೇ ಹೊರತು ಮಣ್ಣನ್ನು ತೂಗುವುದಿಲ್ಲ. ಬಾಟಲಿಯ ಲೆಕ್ಕಕ್ಕೆ ಹೊಂದಿಸದೆ ಅದರ ಮಾತು ನಂಬುವಂತಿಲ್ಲ.

ನೀರಿನ ಗುಣಕ್ಕೂ ಇದಕ್ಕೂ ಏನು ಸಂಬಂಧ? ಜೇಡಿ ಕಣಗಳಿಗೆ ರಂಜಕ, ಸೀಸ, ಸತು, ಕೆಲವು ಕೀಟನಾಶಕಗಳು ಅಂಟಿಕೊಳ್ಳುತ್ತವೆ. ಅದಕ್ಕೇ ಸೋಸಿದ ನೀರನ್ನೂ ಸೋಸದ ನೀರನ್ನೂ ಬೇರೆಬೇರೆ ಪರೀಕ್ಷಿಸುತ್ತಾರೆ. ಫ್ಲೋರೈಡ್ ಕರಗಿರುವಂಥದ್ದು, ಸೋಸಿದರೆ ಹೋಗುವುದಿಲ್ಲ. ಪಾವಗಡ, ಬಾಗೇಪಲ್ಲಿ ಕಡೆಯ ಎಷ್ಟೋ ಬೋರ್‌ವೆಲ್ ನೀರು ಕನ್ನಡಿ ಹಾಗಿದ್ದರೂ ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟುತ್ತದೆ.

ಬೆಂಗಳೂರಿನ ಸಂಸ್ಕರಿಸಿದ ನೀರು ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ಯೋಜನೆಯಲ್ಲಿ 2018ರಿಂದ ಕೋಲಾರದ ಕೆರೆಗಳಿಗೆ ಬರುತ್ತಿದೆ. ಇಂಥ ಕೆರೆಗಳಲ್ಲಿ ನೀರಿನ ಜೊತೆ ತಳದ ಕೆಸರನ್ನೂ ನೋಡಬೇಕು. ತಳದಲ್ಲಿ ಆಮ್ಲಜನಕ ಮುಗಿದರೆ ಕೆಸರು ಹಿಡಿದಿಟ್ಟ ರಂಜಕ ಮತ್ತೆ ನೀರಿಗೆ ಬಿಡುಗಡೆಯಾಗುತ್ತದೆ, ಪಾಚಿ ಏಳುತ್ತದೆ. ಹೊರಗಿನಿಂದ ಬರುವ ಕೊಳೆ ನಿಂತರೂ ಕೆರೆ ಕೂಡಲೇ ತಿಳಿಯಾಗದಿರುವುದು ಇದರಿಂದಲೇ.

ಹೊಲಕ್ಕೆ ಕೆರೆಗೋಡು, ಅಂದರೆ ಕೆರೆಯ ಹೂಳುಮಣ್ಣು, ಹೊಡೆಸುವವರಿಗೂ ಇದು ಬೇಕಾದ ವಿಷಯ. ಊರಿನ ಚರಂಡಿ, ಕಾರ್ಖಾನೆ ನೀರು ಸೇರುವ ಕೆರೆಯಾದರೆ ಲಾರಿ ಕರೆಸುವ ಮುಂಚೆ ಮಣ್ಣು ಪರೀಕ್ಷೆ ಮಾಡಿಸಿ. ಸ್ಯಾಂಪಲ್ ಮಾತ್ರ ಕಾಲುವೆ ಬಾಯಿಂದ ತೆಗೆಯಬೇಡಿ, ಅಲ್ಲಿರುವುದು ಬರೀ ಮರಳು. ತೂಬಿನ ಹತ್ತಿರದ ಜೇಡಿಯನ್ನೇ, ಎರಡು ಮೂರು ಆಳದಿಂದ ತೆಗೆಸಿ.