ಚುಕ್ಕಿ ಒಂದೇ, ರಂಗೋಲಿ ಯಾರದ್ದು?

ಹೋದ ವರ್ಷ ಗೌರಿಹಬ್ಬದ ದಿನ ನಮ್ಮ ಸೋದರತ್ತೆ ಪೂಜೆ ಮುಗಿಸಿ, ಮೊಬೈಲಿನಲ್ಲಿ ತಂಬೂರಿ ಆ್ಯಪ್ ಹಚ್ಚಿಟ್ಟುಕೊಂಡು ಒಂದು ದಾಸರ ಪದ ಹಾಡಿದರು. ಎಪ್ಪತ್ತು ದಾಟಿದ ದನಿ. ತಾರಷಡ್ಜಕ್ಕೆ ಹೋಗುವಾಗ ತುಸು ನಡುಗುತ್ತದೆ, ಆದರೆ ಶ್ರುತಿ ಬಿಡುವುದಿಲ್ಲ. ನಾನು ಅದನ್ನು ಫೋನಿನಲ್ಲಿ ಹಿಡಿದು, ದೂರದ ನೆಂಟರೂ ಕೇಳಲಿ ಎಂದು ಒಂದು ವಿಡಿಯೊ ಜಾಲತಾಣಕ್ಕೆ ಅಪ್‌ಲೋಡ್ ಮಾಡಿದೆ. ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಸಂದೇಶ ಬಂತು: ನಿಮ್ಮ ವಿಡಿಯೊದಲ್ಲಿ ಬೇರೆಯವರಿಗೆ ಸೇರಿದ ಸಂಗೀತ ಪತ್ತೆಯಾಗಿದೆ, ಒಂದು ಧ್ವನಿಮುದ್ರಣ ಸಂಸ್ಥೆ ಕ್ಲೈಮ್ ಹಾಕಿದೆ. ಅತ್ತೆಗೆ ಹೇಳಿದೆ. ಅವರ ಮುಖ ಸಪ್ಪಗಾಯಿತು.

"ನಾನೇನು ಕದ್ದಿದೀನೇನೋ? ದಾಸರ ಪದಕ್ಕೆ ಯಾರಪ್ಪಾ ಯಜಮಾನರು?"

ಆ ಪ್ರಶ್ನೆಯನ್ನು ಹಿಡಿದು ಹೊರಟಾಗ ನನಗೆ ತಿಳಿದದ್ದು, ಜಾಲತಾಣದ ಒಳಗೆ ಎರಡು ಬೇರೆ ಬೇರೆ ಪ್ರಶ್ನೆಗಳು ಒಂದಾಗಿ ಕಲಸಿಹೋಗಿವೆ ಎಂಬುದು. ಈ ಹಾಡು ಆ ಹಾಡಿನಂತೆಯೇ ಇದೆಯೇ ಎಂಬುದು ಮೊದಲನೆಯದು. ಇದು ಯಾರದ್ದು ಎಂಬುದು ಎರಡನೆಯದು. ಮೊದಲನೆಯದಕ್ಕೆ ಯಂತ್ರ ಕ್ಷಣದಲ್ಲಿ ಉತ್ತರ ಕೊಡುತ್ತದೆ, ಅದೂ ಬೆರಗಾಗುವಷ್ಟು ಚೆನ್ನಾಗಿ. ಎರಡನೆಯದು ಅದಕ್ಕೆ ಗೊತ್ತೇ ಇಲ್ಲ.

ಯಂತ್ರವೇ ಯಾಕೆ ಬೇಕಾಯಿತು ಎನ್ನುವುದಕ್ಕೆ ಒಂದು ಲೆಕ್ಕ ಸಾಕು. ಯೂಟ್ಯೂಬಿಗೆ ನಿಮಿಷಕ್ಕೆ 500 ಗಂಟೆಗೂ ಹೆಚ್ಚು ವಿಡಿಯೊ ಬಂದು ಬೀಳುತ್ತದೆ ಎಂದು ಆ ಕಂಪನಿಯೇ ಹೇಳಿದೆ. ದಿನಕ್ಕೆ 7 ಲಕ್ಷ 20 ಸಾವಿರ ಗಂಟೆ. ಒಂದು ದಿನದ ವಿಡಿಯೊಗಳನ್ನು ಒಬ್ಬರು ನಿದ್ದೆಯಿಲ್ಲದೆ ನೋಡಿದರೆ 82 ವರ್ಷ ಬೇಕು. 2005ರಲ್ಲಿ ಹುಟ್ಟಿದ ಈ ತಾಣವನ್ನು ಮರುವರ್ಷ ಗೂಗಲ್ 165 ಕೋಟಿ ಡಾಲರಿಗೆ ಕೊಂಡಿತು. 2007ರ ಮಾರ್ಚಿನಲ್ಲಿ ವಯಾಕಾಮ್ ಸಂಸ್ಥೆ, ನಮ್ಮ ಕಾರ್ಯಕ್ರಮಗಳು ಅನುಮತಿಯಿಲ್ಲದೆ ಅಲ್ಲಿ ತುಂಬಿಕೊಂಡಿವೆ ಎಂದು 100 ಕೋಟಿ ಡಾಲರ್ ಕೇಳಿ ಕೋರ್ಟಿಗೆ ಹೋಯಿತು. ಆ ಮೊಕದ್ದಮೆ 2014ರಲ್ಲಿ ರಾಜಿಯಲ್ಲಿ ಮುಗಿಯಿತು. ಅಷ್ಟರಲ್ಲಿ, 2007ರಲ್ಲೇ ಶುರುವಾಗಿದ್ದ ಕಂಟೆಂಟ್ ಐಡಿ ಎಂಬ ವ್ಯವಸ್ಥೆ ಬೆಳೆದು ದೊಡ್ಡದಾಗಿತ್ತು. ಹಾಡು, ಸಿನಿಮಾಗಳ ಹಕ್ಕುದಾರರು ತಮ್ಮ ಮೂಲ ಪ್ರತಿಗಳನ್ನು ಮೊದಲೇ ಕೊಟ್ಟಿರುತ್ತಾರೆ. ಹೊಸದಾಗಿ ಬರುವ ಪ್ರತಿಯೊಂದು ವಿಡಿಯೊವನ್ನೂ ಯಂತ್ರ ಅವುಗಳ ಜೊತೆ ಹೋಲಿಸಿ ನೋಡುತ್ತದೆ.

ಹೋಲಿಸುವುದು ಎಂದರೆ ಹೇಗೆ? ಕಡತಕ್ಕೆ ಕಡತ ತಾಳೆ ನೋಡಿದರೆ ಆಗುವುದಿಲ್ಲ. ಅದೇ ಹಾಡನ್ನು ಸ್ವಲ್ಪ ದನಿ ತಗ್ಗಿಸಿ ಉಳಿಸಿಕೊಂಡರೂ ಕಂಪ್ಯೂಟರಿಗೆ ಅದು ಬೇರೆಯದೇ ಕಡತ. ಸಿಡಿ ಗುಣಮಟ್ಟದ ಧ್ವನಿಯಲ್ಲಿ ಸೆಕೆಂಡಿಗೆ 44,100 ಅಂಕೆಗಳಿರುತ್ತವೆ. ಮೂರು ನಿಮಿಷದ ಹಾಡೆಂದರೆ ಒಂದು ಚಾನೆಲ್ಲಿಗೇ 79 ಲಕ್ಷ ಅಂಕೆ. ಅದರಲ್ಲಿ ಒಂದೊಂದೂ ಬದಲಾಗಿದ್ದರೂ ನಮ್ಮ ಕಿವಿ ಅದೇ ಹಾಡು ಎನ್ನುತ್ತದೆ. ಕಿವಿಗೆ ಸಿಕ್ಕುವ ಆ 'ಅದೇ' ಯಂತ್ರಕ್ಕೂ ಸಿಕ್ಕಬೇಕು.

ಇದಕ್ಕೊಂದು ಸೊಗಸಾದ ದಾರಿಯನ್ನು, ಕೇಳಿಸಿದ ಹಾಡು ಯಾವುದೆಂದು ಗುರುತಿಸಿ ಹೇಳುವ ಶಜಾಮ್ ಕಂಪನಿಯ ಏವರಿ ವಾಂಗ್ 2003ರಲ್ಲಿ ಪ್ರಕಟಿಸಿದರು. ಅದನ್ನು ಓದಿದಾಗ ನನಗೆ ನೆನಪಾದದ್ದು ಚುಕ್ಕಿ ರಂಗೋಲಿ.

ಮೊದಲು ಹಾಡನ್ನು ಸಣ್ಣ ಸಣ್ಣ ಹೊತ್ತಿನ ತುಂಡು ಮಾಡುತ್ತಾರೆ. ಪ್ರತಿ ತುಂಡಿನಲ್ಲಿ ಯಾವ ಯಾವ ಆವೃತ್ತಿಯ, ಅಂದರೆ ಸೆಕೆಂಡಿಗೆ ಎಷ್ಟೆಷ್ಟು ಸಲ ಕಂಪಿಸುವ, ನಾದ ಎಷ್ಟೆಷ್ಟು ಜೋರಾಗಿದೆ ಎಂದು ಬಿಡಿಸಿ ನೋಡುತ್ತಾರೆ. ಇಲ್ಲಿ ಕೆಲಸಕ್ಕೆ ಬರುವುದು ಫ್ರಾನ್ಸಿನ ಫೂರಿಯೆ ಎರಡು ಶತಮಾನಗಳ ಹಿಂದೆ, ಶಾಖ ಹೇಗೆ ಹರಡುತ್ತದೆ ಎಂದು ಯೋಚಿಸುತ್ತ ಕಟ್ಟಿದ ಗಣಿತ. ಹೀಗೆ ಸಿಕ್ಕಿದ್ದನ್ನು ಹಾಳೆಯ ಮೇಲೆ ಹರಡಿದರೆ, ಅಡ್ಡಕ್ಕೆ ಸಮಯ, ಉದ್ದಕ್ಕೆ ಆವೃತ್ತಿ, ನಡುವೆ ಎಲ್ಲಿ ನಾದ ಜೋರೋ ಅಲ್ಲಿ ಗಾಢ ಬಣ್ಣ ಇರುವ ಒಂದು ಚಿತ್ರ ಬರುತ್ತದೆ. ಅದರಲ್ಲಿ ಅಕ್ಕಪಕ್ಕಕ್ಕಿಂತ ಎದ್ದು ಕಾಣುವ ಶಿಖರಗಳನ್ನು ಮಾತ್ರ ಉಳಿಸಿಕೊಂಡು ಮಿಕ್ಕದ್ದನ್ನೆಲ್ಲ ಅಳಿಸಿಬಿಡುತ್ತಾರೆ. ಈಗ ಹಾಳೆಯ ಮೇಲೆ ಚುಕ್ಕಿಗಳಷ್ಟೇ. ಮಿಕ್ಸಿಯ ಸದ್ದಿರಲಿ, ಮಕ್ಕಳ ಗಲಾಟೆಯಿರಲಿ, ಜೋರಾದ ಶಿಖರಗಳು ಬಹುಮಟ್ಟಿಗೆ ಉಳಿದುಕೊಳ್ಳುತ್ತವೆ. ಮಳೆಗೆ ಅರ್ಧ ತೊಳೆದುಹೋದ ರಂಗೋಲಿಯನ್ನು ನೋಡಿ, ಇದು ಹದಿನೈದು ಚುಕ್ಕಿಯ ನವಿಲು ಎಂದು ಅಜ್ಜಿ ಹೇಳುವುದಿಲ್ಲವೇ, ಹಾಗೆ.

ಒಂಟಿ ಚುಕ್ಕಿಗೆ ಗುರುತಿಲ್ಲ. ಎರಡು ಚುಕ್ಕಿ ಸೇರಿದರೆ ಗುರುತು ಬರುತ್ತದೆ. ಈ ಚುಕ್ಕಿಯ ಆವೃತ್ತಿ, ಆ ಚುಕ್ಕಿಯ ಆವೃತ್ತಿ, ನಡುವೆ ಎಷ್ಟು ಸಮಯ: ಈ ಮೂರನ್ನು ಕೂಡಿಸಿ ಒಂದು ಬೀಗದ ಕೈಯಂಥ ಸಂಖ್ಯೆ ಮಾಡುತ್ತಾರೆ. ಒಂದು ಹಾಡಿಗೆ ಇಂಥ ಸಾವಿರಾರು ಕೈಗಳು. ನಿಘಂಟಿನಲ್ಲಿ ಪದ ಹುಡುಕುವ ಹಾಗೆ, ಪ್ರತಿ ಕೈ ಯಾವ ಹಾಡಿನ ಎಷ್ಟನೇ ಸೆಕೆಂಡಿನಲ್ಲಿ ಬರುತ್ತದೆ ಎಂದು ಕೋಶದಲ್ಲಿ ಬರೆದಿಟ್ಟಿರುತ್ತಾರೆ. ಹೊಸ ತುಣುಕು ಬಂದಾಗ ಅದರ ಕೈಗಳನ್ನು ಹುಡುಕಬೇಕು. ಒಂದೆರಡು ಕೈ ಯಾವ ಹಾಡಿಗಾದರೂ ಆಕಸ್ಮಿಕವಾಗಿ ಹೊಂದೀತು. ಆದರೆ ತುಣುಕಿನ 2ನೇ ಸೆಕೆಂಡು ಮೂಲದ 62ಕ್ಕೆ, 5ನೆಯದು 65ಕ್ಕೆ, 9ನೆಯದು 69ಕ್ಕೆ ಕೂಡುತ್ತ ಹೋಗಿ, ಎಲ್ಲದರ ನಡುವೆಯೂ 60 ಸೆಕೆಂಡಿನ ಅಂತರವೇ ಉಳಿದರೆ ಅದು ಆಕಸ್ಮಿಕವಲ್ಲ. ಹಾಡು ಸಿಕ್ಕಿತು.

ಈ ವಿಧಾನ ಹುಡುಕುವುದು ಅದೇ ಧ್ವನಿಮುದ್ರಣವನ್ನು. ಅದೇ ಗಾಯಕಿ ಮರುದಿನ ಹಾಡಿದರೂ ಚುಕ್ಕಿ ಸರಿದುಹೋಗುತ್ತದೆ. ಹಾಗಿದ್ದರೆ ಅತ್ತೆ ಹೇಗೆ ಸಿಕ್ಕಿಬಿದ್ದರು? ಈಗಿನ ವ್ಯವಸ್ಥೆಗಳು ಮಟ್ಟನ್ನೂ ಹೋಲಿಸುತ್ತವೆ. ದನಿ ಯಾರದಾದರೂ ಇರಲಿ, ಸ್ವರ ಏರಿಳಿಯುವ ದಾರಿ ಒಂದೇ ಆಗಿದ್ದರೆ ಸಾಕು. ನಮ್ಮ ಸಂಗೀತದಲ್ಲಿ ಅದು ಒಂದೇ ಆಗಿರುವುದು ತಪ್ಪಲ್ಲ, ಅದು ಪಾಠಾಂತರ. ಗುರು ಹೇಳಿಕೊಟ್ಟ ಹಾಗೆ ಹಾಡುವುದನ್ನೇ ನಾವು ಕಲಿಕೆ ಎನ್ನುವುದು. ಶಿಷ್ಯೆ ಗುರುವಿನ ಸಂಗತಿಯನ್ನು ಚಾಚೂತಪ್ಪದೆ ಹಾಡಿದರೆ ನಾವು ತಲೆದೂಗುತ್ತೇವೆ, ಯಂತ್ರ ಬೆರಳು ತೋರಿಸುತ್ತದೆ.

ಇದು ನಮ್ಮೊಬ್ಬರ ಪಾಡಲ್ಲ. 2018ರಲ್ಲಿ ಪಿಯಾನೊ ವಾದಕ ಜೇಮ್ಸ್ ರೋಡ್ಸ್ ತಮ್ಮ ಮನೆಯಲ್ಲಿ ಜರ್ಮನಿಯ ಸಂಗೀತಕಾರ ಬಾಖ್‌ನ ಕೃತಿಯೊಂದನ್ನು ನುಡಿಸಿ ಫೇಸ್‌ಬುಕ್ಕಿಗೆ ಹಾಕಿದಾಗ, ಅದರಲ್ಲಿ 47 ಸೆಕೆಂಡು ತಮ್ಮದೆಂದು ಸೋನಿ ಮ್ಯೂಸಿಕ್ ಹೆಸರಿನಲ್ಲಿ ಕ್ಲೈಮ್ ಬಂತು. ಬಾಖ್ ತೀರಿಕೊಂಡದ್ದು 1750ರಲ್ಲಿ. 2018ರ ಜನವರಿಯಲ್ಲೇ ಇನ್ನೂ ವಿಚಿತ್ರವಾದದ್ದು ಸುದ್ದಿಯಾಯಿತು. ಆಸ್ಟ್ರೇಲಿಯದ ಸಂಗೀತಗಾರ ಸೆಬಾಸ್ಟಿಯನ್ ಟಾಮ್‌ಚಾಕ್ ತಾವೇ ತಯಾರಿಸಿ ಹಾಕಿದ್ದ ಹತ್ತು ಗಂಟೆಗಳ ಬರೀ 'ಹುಶ್ಶ್' ಎಂಬ ಸದ್ದಿಗೆ ಐದು ಕ್ಲೈಮ್ ಬಿದ್ದಿದ್ದವು.

ಇನ್ನು ಎರಡನೇ ಪ್ರಶ್ನೆ. ಅತ್ತೆಯ ಮಾತಿಗೆ ಉತ್ತರ ಅಂದುಕೊಂಡಷ್ಟು ಸಲೀಸಲ್ಲ. ಒಂದು ಹಾಡಿನಲ್ಲಿ ಕಾನೂನು ಮೂರು ಪದರ ನೋಡುತ್ತದೆ: ಸಾಹಿತ್ಯ, ಮಟ್ಟು, ಧ್ವನಿಮುದ್ರಣ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಸಾಹಿತ್ಯ, ಸಂಗೀತಗಳಿಗೆ ಕರ್ತೃವಿನ ಆಯುಷ್ಯದ ನಂತರ 60 ವರ್ಷ, ಧ್ವನಿಮುದ್ರಣಕ್ಕೆ ಪ್ರಕಟವಾದ ನಂತರ 60 ವರ್ಷ ರಕ್ಷಣೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಆದ್ದರಿಂದ ಅವರ ಜೀವಿತಕಾಲದಲ್ಲಿ ಅಚ್ಚಾದ ಕವಿತೆಗಳ ಹಕ್ಕು 2041ರ ಕೊನೆಯವರೆಗೂ ಇರುತ್ತದೆ. ಹದಿನಾರನೇ ಶತಮಾನದ ಪುರಂದರದಾಸರ ಸಾಹಿತ್ಯ ಎಲ್ಲರದ್ದು. ಆದರೆ ದಾಸರ ಪದಗಳಲ್ಲಿ ಬಹಳಷ್ಟಕ್ಕೆ ಅವರ ಕಾಲದ ಮಟ್ಟು ಉಳಿದುಬಂದಿಲ್ಲ. ಈಗ ನಾವು ಕೇಳುವ ಎಷ್ಟೋ ಮಟ್ಟುಗಳು ಕಳೆದ ನೂರು ವರ್ಷಗಳಲ್ಲಿ ವಿದ್ವಾಂಸರು ಕೂಡಿಸಿದವು. ಅಂಥ ಮಟ್ಟಿಗೆ ಒಬ್ಬ ಯಜಮಾನ ಇರಬಹುದು. ಅತ್ತೆ ಹಾಡಿದ ಮಟ್ಟು ಅವರ ಅಮ್ಮನಿಂದ ಬಂದದ್ದು, 1962ರಲ್ಲಿ, ಅಡುಗೆಮನೆಯಲ್ಲಿ, ಕಾಯಿ ತುರಿಯುತ್ತ. ಇದನ್ನೆಲ್ಲ ಯಾವ ಚುಕ್ಕಿಯೂ ಹೇಳುವುದಿಲ್ಲ. ಮನುಷ್ಯರು ಹೇಳಬೇಕು, ಮನುಷ್ಯರು ಕೇಳಬೇಕು.

ಹೇಳುವ ಕೇಳುವ ಕ್ರಮವನ್ನು ಮೊದಲು ಗಟ್ಟಿಮಾಡಿದ್ದು ಅಮೆರಿಕದ 1998ರ ಡಿಎಂಸಿಎ ಕಾನೂನು. ಜನ ತಂದು ಹಾಕಿದ್ದಕ್ಕೆಲ್ಲ ಜಾಲತಾಣ ಹೊಣೆಯಲ್ಲ. ಆದರೆ ಹಕ್ಕುದಾರರು ನೋಟಿಸ್ ಕೊಟ್ಟಾಗ ಬೇಗ ತೆಗೆಯಬೇಕು, ಪದೇ ಪದೇ ತಪ್ಪು ಮಾಡುವವರ ಖಾತೆ ಮುಚ್ಚಬೇಕು. ಯೂಟ್ಯೂಬಿನಲ್ಲಿ 90 ದಿನದೊಳಗೆ ಮೂರು ಸ್ಟ್ರೈಕ್, ಅಂದರೆ ನೋಟಿಸಿನಿಂದ ಬೀಳುವ ತಪ್ಪಿನ ಗುರುತು, ಬಿದ್ದರೆ ಚಾನೆಲ್ ಹೋಯಿತು ಎಂದು ಹುಡುಗರು ಹೇಳುವುದರ ಬೇರು ಇಲ್ಲಿದೆ. ನೋಟಿಸಿನಲ್ಲಿ ಇರಬೇಕಾದದ್ದು ಹೆಚ್ಚೇನಿಲ್ಲ: ಯಾವ ಕೃತಿ, ಅದು ಯಾವ ವಿಳಾಸದ ಪುಟದಲ್ಲಿದೆ, ನಾನು ಯಾರು, ಇದಕ್ಕೆ ಅನುಮತಿಯಿಲ್ಲ ಎಂದು ಪ್ರಾಮಾಣಿಕವಾಗಿ ನಂಬಿದ್ದೇನೆ, ಮತ್ತು ಹಕ್ಕುದಾರರ ಪರವಾಗಿ ಮಾತಾಡುವ ಅಧಿಕಾರ ನನಗಿದೆ ಎಂಬ ಪ್ರಮಾಣ. ವಿಡಿಯೊ ಹಾಕಿದವರು ಪ್ರತಿ-ನೋಟಿಸ್ ಕೊಡಬಹುದು. ಕೊಟ್ಟರೆ, ದೂರುದಾರರು ಕೋರ್ಟಿಗೆ ಹೋಗದಿದ್ದ ಪಕ್ಷದಲ್ಲಿ, 10ರಿಂದ 14 ಕೆಲಸದ ದಿನಗಳಲ್ಲಿ ತಾಣ ಅದನ್ನು ಮರಳಿ ಹಾಕಬೇಕು.

ಕಾಗದದ ಮೇಲೆ ತಕ್ಕಡಿ ಸಮವಾಗಿದೆ. ಆದರೆ ತಾಣದವರ ಜಾಗದಲ್ಲಿ ಕೂತು ಯೋಚಿಸಿ. ತೆಗೆದರೆ ಅವರಿಗೆ ನಷ್ಟವಿಲ್ಲ, ತೆಗೆಯದಿದ್ದರೆ ರಕ್ಷಣೆ ಹೋಗುತ್ತದೆ. ಹಾಗಾಗಿ ಅನುಮಾನ ಬಂದಾಗ ಕೈ ಹೋಗುವುದು ಅಳಿಸುವ ಗುಂಡಿಯ ಕಡೆಗೇ. 2007ರಲ್ಲಿ ಪೆನ್ಸಿಲ್ವೇನಿಯದ ಸ್ಟೆಫನಿ ಲೆನ್ಜ್ ಎಂಬ ತಾಯಿ ತನ್ನ ಪುಟ್ಟ ಮಗ ಅಡುಗೆಮನೆಯಲ್ಲಿ ಕುಣಿಯುವ 29 ಸೆಕೆಂಡಿನ ವಿಡಿಯೊ ಹಾಕಿದ್ದರು. ಹಿಂದೆ ಪ್ರಿನ್ಸ್ ಎಂಬ ಗಾಯಕನ ಹಾಡು ಅಸ್ಪಷ್ಟವಾಗಿ ಕೇಳುತ್ತಿತ್ತು. ಯೂನಿವರ್ಸಲ್ ಸಂಸ್ಥೆ ತೆಗೆಸಿತು. ಆಕೆ ಬಿಡಲಿಲ್ಲ. ಪ್ರತಿ-ನೋಟಿಸ್ ಕೊಟ್ಟರು, ಕೋರ್ಟಿಗೂ ಹೋದರು. ಎಂಟು ವರ್ಷದ ಮೇಲೆ, 2015ರಲ್ಲಿ, ಅಲ್ಲಿನ ಮೇಲ್ಮನವಿ ನ್ಯಾಯಾಲಯ ಹೇಳಿತು: ಇದು ಅನುಮತಿಯಿಲ್ಲದೆಯೂ ಕಾನೂನು ಒಪ್ಪುವ 'ನ್ಯಾಯವಾದ ಬಳಕೆ' ಆಗಿರಬಹುದೇ ಎಂದು ಯೋಚಿಸದೆ ನೋಟಿಸ್ ಕಳಿಸುವಂತಿಲ್ಲ. 29 ಸೆಕೆಂಡಿಗೆ ಎಂಟು ವರ್ಷ. ಎಷ್ಟು ಜನ ತಾಯಂದಿರಿಗೆ ಅಷ್ಟು ತಾಳ್ಮೆ, ಅಷ್ಟು ವಕೀಲರು ಸಿಕ್ಕಾರು?

ನಮ್ಮ ದೇಶದಲ್ಲಿ ದಾರಿ ಸ್ವಲ್ಪ ಬೇರೆ. ಕೃತಿಸ್ವಾಮ್ಯ ಕಾಯಿದೆಯ 2012ರ ತಿದ್ದುಪಡಿ ಮತ್ತು 2013ರ ನಿಯಮಗಳ ಪ್ರಕಾರ, ಲಿಖಿತ ದೂರು ತಲುಪಿದ ಮೇಲೆ ತಾಣ 36 ಗಂಟೆಯೊಳಗೆ ಕ್ರಮ ತೆಗೆದುಕೊಳ್ಳಬೇಕು, 21 ದಿನ ಆ ಪುಟ ತೆರೆಯದಂತೆ ಇಡಬೇಕು. ಅಷ್ಟರೊಳಗೆ ದೂರುದಾರರು ಕೋರ್ಟಿನ ಆದೇಶ ತರದಿದ್ದರೆ ಅದನ್ನು ಮತ್ತೆ ತೆರೆಯಬಹುದು. ಕೋರ್ಟಿಗೆ ಹೋಗುವ ಭಾರ ದೂರುದಾರರ ಮೇಲೆ ಬೀಳುವುದು ನನಗೆ ಸರಿ ಅನ್ನಿಸುತ್ತದೆ. ಆದರೆ ಹಾಕಿದವರ ಮಾತು ಕೇಳಲು ಆ ನಿಯಮದಲ್ಲಿ ಪ್ರತಿ-ನೋಟಿಸಿನಂಥ ಬಾಗಿಲಿಲ್ಲ. ಅದು ಕೊರತೆಯೇ.

ನೋಟಿಸನ್ನು ಆಯುಧ ಮಾಡಿಕೊಳ್ಳುವವರೂ ಇದ್ದಾರೆ. ತಮಗಾಗದ ಸುದ್ದಿಯನ್ನು ನಕಲು ಮಾಡಿ, ಹಳೆಯ ದಿನಾಂಕ ಹಾಕಿ ಒಂದು ಪುಟ ಸೃಷ್ಟಿಸಿ, ಮೂಲ ವರದಿಯೇ ನಮ್ಮಿಂದ ಕದ್ದದ್ದು ಎಂದು ದೂರು ಕೊಡುತ್ತಾರೆ. ಇಂಥವು ಬೆಳಕಿಗೆ ಬಂದದ್ದು ಹಾರ್ವರ್ಡ್ ವಿಶ್ವವಿದ್ಯಾಲಯದ ಲ್ಯೂಮೆನ್ ಸಂಗ್ರಹದಿಂದ. ಗೂಗಲ್‌ನಂಥ ಕಂಪನಿಗಳು ತಮಗೆ ಬಂದ ನೋಟಿಸುಗಳ ಪ್ರತಿಯನ್ನು ಅಲ್ಲಿಗೆ ಕೊಡುತ್ತವೆ.

ಹಾಗೆಂದು ಕ್ಲೈಮ್ ಹಾಕುವುದೇ ಕೆಟ್ಟದ್ದು ಎಂದು ನಾನು ಖಂಡಿತ ಹೇಳಲಾರೆ. ಸಾಲ ಮಾಡಿ ತೆಗೆದ ಕನ್ನಡ ಸಿನಿಮಾ ಶುಕ್ರವಾರ ಬಿಡುಗಡೆಯಾಗಿ, ಸಂಜೆಯೊಳಗೆ ಚಿತ್ರಮಂದಿರದಲ್ಲೇ ಫೋನಿನಲ್ಲಿ ಹಿಡಿದ ಪ್ರತಿ ಹರಿದಾಡುವುದನ್ನು ಕಂಡ ನಿರ್ಮಾಪಕರ ಸಂಕಟ ಸುಳ್ಳಲ್ಲ. ಕಾಡಿನಲ್ಲಿ ವಾರಗಟ್ಟಲೆ ಕಾದು ತೆಗೆದ ಹಕ್ಕಿಯ ಫೋಟೊ ಯಾರದೋ ಹೆಸರಿನಲ್ಲಿ ಕಂಡವರದ್ದೂ ಸುಳ್ಳಲ್ಲ. ನನಗೆ ಬೇಸರವಾಗುವುದು, ಕಂಟೆಂಟ್ ಐಡಿಯಂಥ ಕಾವಲು ಇವರಲ್ಲಿ ಹೆಚ್ಚಿನವರಿಗೆ ಸಿಕ್ಕುವುದಿಲ್ಲ ಎಂಬುದಕ್ಕೆ. ಅದು ದೊಡ್ಡ ಸಂಗ್ರಹ ಇರುವ ಸಂಸ್ಥೆಗಳಿಗೆ ಮಾತ್ರ. ಮಿಕ್ಕವರು ನೋಟಿಸಿನ ಅರ್ಜಿ ತುಂಬಬೇಕು. ತುಂಬಿ, ಹಿಂಜರಿಯಬೇಡಿ. ಅದಕ್ಕೆ ಶುಲ್ಕವಿಲ್ಲ, ವಕೀಲರೇ ಬೇಕೆಂದಿಲ್ಲ, ನಮ್ಮಲ್ಲಿ ಕೃತಿಸ್ವಾಮ್ಯ ನೋಂದಣಿ ಕಡ್ಡಾಯವೂ ಅಲ್ಲ. ಪುಟದ ಪೂರ್ತಿ ವಿಳಾಸ ಕೊಡಿ. ಬರೀ ನಿಮ್ಮ ತಾಣದಲ್ಲಿ ನನ್ನ ಫೋಟೊ ಇದೆ ಎಂದರೆ ಯಾರೂ ಹುಡುಕಿಕೊಂಡು ಹೋಗುವುದಿಲ್ಲ.

ಕ್ಲೈಮ್ ಬಿದ್ದವರಿಗೂ ಒಂದು ಅಂಕೆ ಹೇಳಬೇಕು. 2021ರ ಮೊದಲ ಆರು ತಿಂಗಳಲ್ಲಿ ಕಂಟೆಂಟ್ ಐಡಿ ಮೂಲಕ ಬಿದ್ದ ಕ್ಲೈಮುಗಳು 72 ಕೋಟಿಗೂ ಹೆಚ್ಚು ಎಂದು ಯೂಟ್ಯೂಬ್ ತಾನೇ ಪ್ರಕಟಿಸಿತು. ಅದರಲ್ಲಿ ತಕರಾರು ಎತ್ತಿದ್ದು ಸುಮಾರು 37 ಲಕ್ಷಕ್ಕೆ ಮಾತ್ರ, ಸಾವಿರಕ್ಕೆ ಐದು. ಆ ತಕರಾರುಗಳಲ್ಲಿ ನೂರಕ್ಕೆ 60 ವಿಡಿಯೊ ಹಾಕಿದವರ ಪರವಾಗಿ ಮುಗಿದವು. ಸುಮ್ಮನಿದ್ದವರಲ್ಲಿ ಬಹಳ ಜನರ ಮೇಲೆ ಬಿದ್ದ ಕ್ಲೈಮ್ ಸರಿಯಾದದ್ದೇ ಇರಬಹುದು. ಆದರೆ ಹೆದರಿ ಸುಮ್ಮನಾದವರೂ ಅಲ್ಲಿದ್ದಾರೆ.

ನಾನು ತಕರಾರು ಬರೆದೆ. ಸಾಹಿತ್ಯ ದಾಸರದ್ದು, ಮಟ್ಟು ಹಾಡಿದವರಿಗೆ ತಾಯಿಯಿಂದ 1962ರಲ್ಲಿ ಬಂದದ್ದು, ದನಿ ಅವರದೇ ಎಂದು ನಾಲ್ಕು ಸಾಲು. ಅತ್ತೆ ಪಕ್ಕದಲ್ಲಿ ಕೂತು, ಕನ್ನಡಕ ಸರಿಮಾಡಿಕೊಂಡು, "ಅಮ್ಮನ ಹೆಸರೂ ಬರಿ" ಎಂದರು. ಬರೆದೆ. ಉತ್ತರಕ್ಕೆ 30 ದಿನ ಗಡುವು. ಇಪ್ಪತ್ತಾರನೇ ದಿನ ಕ್ಲೈಮ್ ಹಿಂತೆಗೆದಿದ್ದಾರೆ ಎಂದು ಒಂದು ಸಾಲಿನ ಸಂದೇಶ ಬಂತು, ಕಾರಣ ಬರೆದಿರಲಿಲ್ಲ. ಫೋನು ಮಾಡಿ ಹೇಳಿದೆ. ಅತ್ತೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಅಮ್ಮ ಅದೇ ದಿನಗಳಲ್ಲಿ ಕಲಿಸಿದ ಇನ್ನೂ ಎರಡು ಪದ ಇವೆ, ಭಾನುವಾರ ಬರ್ತೀಯಾ ಎಂದು ಕೇಳಿದರು.