ಬರೆ ತೆಗೆಯುವ ಮೊದಲು

ಕಳೆದ ಬೇಸಿಗೆಯಲ್ಲಿ ಮಡಿಕೇರಿ ಸಮೀಪದ ಕಾಫಿ ತೋಟವೊಂದಕ್ಕೆ ಹೋಂಸ್ಟೇ ಜಾಗ ನೋಡಿಕೊಡಲು ಹೋಗಿದ್ದೆ. ಆರು ಕೋಣೆಗಳಿಗೆಂದು ಜೆಸಿಬಿ ತರಿಸಿ, ಗುಡ್ಡದ ಬುಡದಲ್ಲಿ ಎರಡಾಳೆತ್ತರ ಬರೆ ತೆಗೆದು, ಅಂದರೆ ಇಳಿಜಾರನ್ನು ಗೋಡೆಯಂತೆ ನೆಟ್ಟಗೆ ಕಡಿದು, ಸೈಟು ಸಮತಟ್ಟು ಮಾಡಿಯಾಗಿತ್ತು. ಮೇಲಿನ ಕೆಂಪು ಮಣ್ಣು ಮತ್ತು ಅದರಡಿಯ ಬಿಳಿಚಿದ ನುಣುಪು ಜೇಡಿ ಕೂಡುವ ಗೆರೆಯುದ್ದಕ್ಕೂ ಏಪ್ರಿಲ್ ಬಿಸಿಲಿನಲ್ಲಿಯೂ ನೀರು ಜಿನುಗುತ್ತಿತ್ತು. ಮೇಲಿದ್ದ ಹಾಲುವಾಣ ಮರಗಳ ಬುಡ ಇಳಿಜಾರಿನತ್ತ ಬಾಗಿ, ತುದಿ ಮಾತ್ರ ನೆಟ್ಟಗಿತ್ತು. ಮಣ್ಣು ವರ್ಷಗಳಿಂದ ಮೆಲ್ಲಗೆ ಜಾರುತ್ತಿರಬೇಕೆಂಬ ಶಂಕೆಗೆ ಅಷ್ಟು ಸಾಕಾಗಿತ್ತು.

“ತಡೆಗೋಡೆ ಕಟ್ಟಿದರೆ ಸಾಕಲ್ಲವಾ ಸರ್?” ಎಂದು ಮಾಲೀಕರು ಕೇಳಿದರು.

ಸಾಲದು. ಇಳಿಜಾರಿನ ಮೇಲ್ಭಾಗಕ್ಕೆ ಆಸರೆಯಾಗಿರುವುದು ಅದರ ಬುಡದ ಮಣ್ಣು. ಬುಡವನ್ನು ಕಡಿದಾಗ ನಾವು ಆ ಆಸರೆಯನ್ನೇ ತೆಗೆಯುತ್ತೇವೆ. ಮಡಿಕೇರಿಯಂತೆ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಕಡೆ, ದಿನಗಟ್ಟಲೆ ಇಂಗಿದ ನೀರು ಮಣ್ಣಿನ ಭಾರವನ್ನು ಹೆಚ್ಚಿಸುವುದಲ್ಲದೆ, ಕಣಗಳ ನಡುವಿನ ನೀರಿನ ಒತ್ತಡವನ್ನು ಏರಿಸಿ ಅವುಗಳ ಪರಸ್ಪರ ಹಿಡಿತವನ್ನು ಸಡಿಲಗೊಳಿಸುತ್ತದೆ. ಹಿಂಬದಿಯಲ್ಲಿ ಜಲ್ಲಿಯ ಪದರವಾಗಲಿ, ಮೈಯಲ್ಲಿ ನೀರು ಹೊರಬರುವ ಕಿಂಡಿಗಳಾಗಲಿ ಇಲ್ಲದ ತಡೆಗೋಡೆ ಆ ನೀರಿಗೆ ಅಣೆಕಟ್ಟಾಗಿ ನಿಲ್ಲುತ್ತದೆ, ಮತ್ತು ಹೊರೆ ತಾಳಲಾರದೆ ಒಂದು ದಿನ ಮಣ್ಣಿನೊಂದಿಗೇ ಉರುಳುತ್ತದೆ. ಇಂಗುಗುಂಡಿಯ ವಿಷಯವೂ ಹೀಗೆಯೇ: ಬಯಲಿನಲ್ಲಿ ಅದು ಒಳ್ಳೆಯದು, ಕಡಿದಾದ ಇಳಿಜಾರಿನಲ್ಲಿ ತೋಡಬಾರದು.

2018ರ ಆಗಸ್ಟಿನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿಗಳಲ್ಲಿ ಗುಡ್ಡಗಳು ಜರಿದಾಗ ಸುರಿದದ್ದು ಅಸಾಧಾರಣ ಮಳೆಯೇ. ಆದರೆ ಆಗ ಪರಿಶೀಲನೆ ನಡೆಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯದ ತಜ್ಞರು, ಮನೆ ಮತ್ತು ರಸ್ತೆಗಳಿಗಾಗಿ ಇಳಿಜಾರುಗಳನ್ನು ಮನಬಂದಂತೆ ಕತ್ತರಿಸಿದ್ದರ ಕಡೆಗೂ ಬೊಟ್ಟು ಮಾಡಿದರು. ಮಳೆಯನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ, ಬರೆ ತೆಗೆಯದಿರುವುದು ಖಂಡಿತ ನಮ್ಮ ಕೈಯಲ್ಲಿದೆ.

ಕೊಡಗಿನ ಹಿರಿಯರು ಕುಟುಂಬದ ಮೂಲಮನೆಯಾದ ಐನ್‌ಮನೆಗೆ ಗಟ್ಟಿ ದಿಣ್ಣೆಯನ್ನು ಆರಿಸಿ, ತಗ್ಗನ್ನು ಗದ್ದೆಗೂ, ಗದ್ದೆಗೆ ಸೇರಿದ ಮೇಲಿನ ಕಾಡುಜಾಗವಾದ ಬಾಣೆಯನ್ನು ಸೊಪ್ಪು, ಸೌದೆಗೂ ಬಿಟ್ಟಿದ್ದರು. ಗದ್ದೆಗೆ ಮಣ್ಣು ತುಂಬಿ ಕಟ್ಟಡ ಏಳಿಸಿದಾಗ ಹೋಗುವುದು ಬತ್ತ ಮಾತ್ರವಲ್ಲ, ಗುಡ್ಡದ ನೀರು ಇಳಿದು ನಿಲ್ಲುತ್ತಿದ್ದ ಜಾಗವೂ ಹೋಗುತ್ತದೆ.

ಕರಾವಳಿಯಲ್ಲಿ ಉಬ್ಬರದ ಗೆರೆಯಿಂದ ದೂರವನ್ನು ಅಳೆದು ಕಟ್ಟಡ ನಿಯಂತ್ರಿಸುವ ವಲಯವನ್ನು 1991ರಲ್ಲಿಯೇ ಅಧಿಸೂಚಿಸಲಾಯಿತು. ಅಲೆಯೊಂದಿಗೆ ಸರಿಯುವ ಮರಳದಿಣ್ಣೆ ಶಾಶ್ವತ ನೆಲವಲ್ಲ ಎಂಬ ಅರಿವಿಗೆ ಆ ಗೆರೆ ನೆರವಾಗುತ್ತದೆ. ನಮ್ಮ ಗುಡ್ಡಗಳಿಗೂ ಇಳಿಜಾರಿನ ಕೋನ, ಮಣ್ಣಿನ ಆಳ, ಕೊಲ್ಲಿಯ (ಗುಡ್ಡದಿಂದಿಳಿಯುವ ತೊರೆಯ) ಹಾದಿ ನೋಡಿ ಎಳೆದ ಗೆರೆ ಬೇಕು, ಮತ್ತು ಭೂಪರಿವರ್ತನೆಯ ಅರ್ಜಿಯನ್ನು ಆ ಗೆರೆಯ ಮೇಲಿಟ್ಟೇ ತೀರ್ಮಾನಿಸಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಹೋಂಸ್ಟೇಗೆ ನಾನು ವಿರೋಧಿಯಲ್ಲ. ಕಾಫಿಯೊಂದನ್ನೇ ನಂಬಿ ಮಕ್ಕಳನ್ನು ಓದಿಸಲಾಗದ ಮನೆಗಳನ್ನು ಕಂಡಿದ್ದೇನೆ.

ಆ ತೋಟದಲ್ಲಿ ಆರರ ಬದಲು ಮೂರು ಕೋಣೆಗಳನ್ನು ಕಾಫಿ ಕಣದ ಪಕ್ಕದ ದಿಣ್ಣೆಗೆ, ನೆಲ ಕಡಿಯದೆ ಕಂಬಗಳ ಮೇಲೆ, ಸ್ಥಳಾಂತರಿಸಿದೆವು. ಕಡಿದ ಬುಡಕ್ಕೆ ದಪ್ಪ ಕಲ್ಲು ಪೇರಿಸಿ ಭಾರ ಕೊಟ್ಟೆವು. ಮೇಲಿನ ಮಳೆನೀರು ಬರೆಗೆ ಇಳಿಯದಂತೆ ಚರಂಡಿ ಮಾಡಿ ಕೊಲ್ಲಿಗೆ ಬಿಟ್ಟೆವು. ಮಳೆಗಾಲದುದ್ದಕ್ಕೂ ವಾರಕ್ಕೊಮ್ಮೆ ಬರೆಯ ಮೇಲಂಚಿನ ಬಿರುಕುಗಳನ್ನು ನೋಡಬೇಕೆಂದೂ, ತಿಳಿಯಾಗಿ ಜಿನುಗುವ ನೀರು ಕೆಸರಾಗಿ ಬರತೊಡಗಿದರೆ ಆ ಗಳಿಗೆಯೇ ಕೆಳಗಿನ ಲೈನ್‌ಮನೆಗಳಲ್ಲಿರುವ ತೋಟದ ಕಾರ್ಮಿಕರನ್ನು ಹೊರಡಿಸಬೇಕೆಂದೂ ಮಾಲೀಕರಿಗೆ ಬರೆದುಕೊಟ್ಟಿದ್ದೇನೆ.